ಮೋಟಾರು ಸೈಕಲ್ಲಿನ ದಿಬ್ಬಣ

ಹಲವು ಮೋಟಾರು ಸೈಕಲ್ಲುಗಳು ಕೂಡಿ ಹೊರಡುವುದೆಂದರೆ ಮದುವೆಯ ದಿಬ್ಬಣವಿದ್ದಂತೆ. ಮುಂದೆ ಹೋದವರ ಸದ್ದು ಊರಿಗೆಲ್ಲ ಕೇಳುತ್ತದೆ. ಹಿಂದೆ ಉಳಿದವರಾರೆಂಬುದು ಎಲೆ ಹಾಕಿದ ಮೇಲೆಯೇ ತಿಳಿಯುವುದು!

ಆನೇಕಲ್ಲಿನ ನಾವು ಆರು ಮಂದಿ ಗೆಳೆಯರು ಭಾನುವಾರಗಳಲ್ಲಿ ತಳಿಯ ಕಡೆಗೆ ಹೋಗುವುದುಂಟು. ನಮ್ಮಲ್ಲೊಂದು ಹಳೆಯ ಯೆಜ್ಡಿ. ಅದನ್ನು ಹಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕೂಸು ಮಾತ್ರ ಇನ್ನೂ ಅರಚುತ್ತಿದೆ. ಅದರ ಪಕ್ಕದಲ್ಲಿ ಫೋನಿನ ಗಂಟೆ ಯಾರಿಗೆ ಕೇಳೀತು? ಆದುದರಿಂದ ನಮ್ಮ ಮಾತೆಲ್ಲ ಕೈಕಾಲುಗಳದು. ಎಡಗೈ ಮೇಲೆತ್ತಿದರೆ ನಿಲ್ಲಬೇಕು. ಟ್ಯಾಂಕನ್ನು ತಟ್ಟಿದರೆ ಪೆಟ್ರೋಲು ತೀರಿತು. ಕಾಲು ಚಾಚಿದ ಕಡೆ ಗುಂಡಿಯಿದೆ. ದಾರಿ ಬಲ್ಲವನು ಮುಂದೆ, ಅವನ ಬೆನ್ನಿಗೆ ಹೊಸಬ, ಪಂಕ್ಚರು ಹಾಕಬಲ್ಲವನು ಕಟ್ಟಕಡೆಗೆ. ಇವೆಲ್ಲಕ್ಕಿಂತ ದೊಡ್ಡ ಕಟ್ಟಳೆಯೊಂದುಂಟು: ಹಿಂದಿನವನು ಕನ್ನಡಿಯಲ್ಲಿ ಕಾಣದಿದ್ದರೆ ನಿಂತುಬಿಡಬೇಕು. ಅವನು ನಿಂತದ್ದನ್ನು ಕಂಡು ಅವನ ಮುಂದಿನವನು, ಹೀಗೆ ಸಾಲೇ ನಿಲ್ಲುತ್ತದೆ. ಇದು ಹೇಡಿಗಳ ಸವಾರಿಯೆಂದು ನಕ್ಕವರೂ ಉಂಟು, ನಗಲಿ.

ಕಳೆದ ವರ್ಷ ಒಂದು ಸಂಜೆ ಹಿಂದಿರುಗುವಾಗ, ತಿರುವೊಂದನ್ನು ದಾಟಿದೊಡನೆ ಕಟ್ಟಕಡೆಯವನು ನನ್ನ ಕನ್ನಡಿಯಿಂದ ಮಾಯವಾದ. ನಿಂತೆ. ಉಳಿದ ನಾಲ್ವರೂ ಒಬ್ಬೊಬ್ಬರಾಗಿ ನಿಂತು ತಿರುಗಿ ಬಂದರು. ಬನ್ನೇರುಘಟ್ಟದ ಕಾಡು ಅಲ್ಲಿಗೆ ದೂರವಿಲ್ಲ. ಕತ್ತಲಾದರೆ ಆನೆಗಳು ಹೊಲಕ್ಕಿಳಿಯುವ ಸೀಮೆ. ಗೆಳೆಯ ರಸ್ತೆಯ ಬದಿಗೆ ಬಿದ್ದಿದ್ದ. ಕಾಲಿನ ಮೇಲೆ ಗಾಡಿ. ಎಲ್ಲರೂ ಸೇರಿ ಎತ್ತಿದೆವು. ಹಿಮ್ಮಡಿ ಊದಿತ್ತು, ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ.

ಆ ನೋವಿನಲ್ಲೂ ಅವನು ನನ್ನ ಮೇಲೆಯೇ ರೇಗಿದ: “ನೀನು ಚಾಚಿದ ಕಾಲನ್ನೇ ನೋಡ್ತಾ ಬಂದೆ ಕಣೋ, ಗುಂಡೀನ ನೋಡ್ಲೇ ಇಲ್ಲ!”