ಬೆಣ್ಣೆಯ ಸದ್ದು

ಭಾನುವಾರ ಬೆಳಿಗ್ಗೆ ಬೆಣ್ಣೆ ಕಾಯಿಸುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ವಾರವಿಡೀ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಕಡೆಯುವ ಶ್ರಮವೆಲ್ಲ ಹೆಂಡತಿಯದು. ಕೊನೆಗೆ ಒಲೆಯ ಮುಂದೆ ನಿಂತು ಹೆಸರು ಹೊಡೆದುಕೊಳ್ಳುವವನು ನಾನು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದ್ದರಿಂದ ಇದಕ್ಕೆ ‘ಪ್ರಯೋಗ’ ಎಂದು ಹೆಸರಿಟ್ಟು ಪಾರಾಗುತ್ತೇನೆ.

ತರಗತಿಯಲ್ಲಿ ಕಾಗದ ಹರಿದು ‘ಭೌತ ಬದಲಾವಣೆ’, ಅದನ್ನೇ ಸುಟ್ಟು ‘ರಾಸಾಯನಿಕ ಬದಲಾವಣೆ’ ಎನ್ನುತ್ತೇವೆ. ಮಕ್ಕಳೂ ಬರೆದುಕೊಳ್ಳುತ್ತಾರೆ. ಆದರೆ ಒಂದು ಮುಗಿದು ಇನ್ನೊಂದು ಶುರುವಾಗುವುದನ್ನು ಕಿವಿಯಾರೆ ಕೇಳಬೇಕಾದರೆ ಬಾಣಲೆಯ ಹತ್ತಿರವೇ ಬರಬೇಕು.

ಬೆಣ್ಣೆ ಮೈಬಿಸಿಯಷ್ಟಕ್ಕೇ ಕರಗುವ ವಸ್ತು. ಮುದ್ದೆ ಮೆಲ್ಲಗೆ ಕುಸಿದು, ಹಳದಿ ಮಡುವಾಗಿ, ಬಿಳಿ ನೊರೆ ಹೊದ್ದುಕೊಳ್ಳುತ್ತದೆ. ಆಮೇಲೆ ಸಂಗೀತ. ಅಂಗಡಿಯ ಬೆಣ್ಣೆಯಲ್ಲೇ ನೂರಕ್ಕೆ ಸುಮಾರು 16 ಪಾಲು ನೀರಿರುತ್ತದೆ. ಅದು ಆವಿಯಾಗಿ ಏಳುವಾಗಿನ ಸದ್ದು ಮೊದಲು ಕೊತಕೊತ, ಆಮೇಲೆ ಚಟಪಟ, ಕಡೆಗೆ ಸಣ್ಣ ಮಳೆಯ ಹಾಗೆ ಸರಸರ. ನೀರು ಇರುವಷ್ಟು ಹೊತ್ತು ಬಾಣಲೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಂತಿರುತ್ತದೆ. ಇಲ್ಲಿಯವರೆಗೆ ಕರಗಿದ್ದು, ಆವಿಯಾದದ್ದು ಬಿಟ್ಟರೆ ಹೆಚ್ಚೇನೂ ನಡೆದಿಲ್ಲ.

“ಸದ್ದು ಅಡಗಲಿ ಕಣೋ, ಅಲ್ಲೀತನಕ ಸೌಟು ಆಡಿಸ್ತಿರು” ಎನ್ನುತ್ತಿದ್ದಳು ಅಮ್ಮ. ಥರ್ಮಾಮೀಟರ್ ಕಂಡವಳಲ್ಲ. ಸದ್ದು ಅಡಗಿತೆಂದರೆ ನೀರು ತೀರಿತು. ಹಿಡಿದಿಡುವವರಿಲ್ಲದೆ ಬಿಸಿ ಸರ್ರನೆ ಏರುತ್ತದೆ. ತಳದಲ್ಲಿ ಕೂತ ಹಾಲಿನ ಪ್ರೋಟೀನೂ ಸಕ್ಕರೆಯೂ ಒಂದಕ್ಕೊಂದು ಕೂಡಿ, ಕೆಂಪಗಾಗಿ, ಅಲ್ಲಿಯತನಕ ಇಲ್ಲದಿದ್ದ ಘಮವನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಪಕ್ಕದ ಮನೆಯವರಿಗೆ ಅದರ ಹೆಸರು ಬೇಕಿಲ್ಲ, ಘಮ ಬಂದೊಡನೆ ಕಿಟಕಿಯಿಂದಲೇ “ತುಪ್ಪ ಕಾಯಿಸ್ತಿದ್ದೀರಾ?” ಎನ್ನುತ್ತಾರೆ. ಈಗ ಒಂದು ವೀಳ್ಯದೆಲೆ ಹರಿದು ಹಾಕಿ, ಉರಿ ಆರಿಸಬೇಕು. ಗಸಿ ಇನ್ನೂ ಹೊಂಬಣ್ಣದಲ್ಲಿರುವಾಗಲೇ ಆರಿಸಬೇಕು, ಏಕೆಂದರೆ ದಪ್ಪ ತಳದ ಬಾಣಲೆ ತನ್ನ ಕೆಲಸವನ್ನು ಅಷ್ಟು ಬೇಗ ನಿಲ್ಲಿಸುವುದಿಲ್ಲ. ಒಮ್ಮೆ ಫೋನಿನಲ್ಲಿ ಮಾತಾಡುತ್ತ ಮೈಮರೆತೆ. ಆ ಕಪ್ಪು ತುಪ್ಪ ತಿಂಗಳಿಡೀ ದೇವರ ದೀಪಕ್ಕೆ ಹೋಯಿತು. ದೇವರು ದೂರಲಿಲ್ಲ.

‘ಹಿಂದಕ್ಕೆ ತರಬಹುದಾದದ್ದು ಭೌತ, ಬಾರದ್ದು ರಾಸಾಯನಿಕ’ ಎಂಬ ಸೂತ್ರದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಕಡೆದ ಬೆಣ್ಣೆಯನ್ನು ಮತ್ತೆ ಮಜ್ಜಿಗೆಗೆ ಬೆರೆಸಿ ಮೊಸರು ಮಾಡಿ ನೋಡೋಣ! ಆಗುವುದಿಲ್ಲ. ಆದರೂ ಕಡೆಯುವುದು ಭೌತ ಬದಲಾವಣೆಯೇ: ಕೊಬ್ಬಿನ ಹನಿಗಳ ಹೊದಿಕೆ ಹರಿದು ಅವು ಒಂದಕ್ಕೊಂದು ಅಂಟಿಕೊಂಡವು, ಹೊಸ ವಸ್ತು ಹುಟ್ಟಲಿಲ್ಲ. ಹಾಲು ಹೆಪ್ಪಾಗುವುದು ಬೇರೆ ಮಾತು. ಅಲ್ಲಿ ಹಾಲಿನ ಸಕ್ಕರೆ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಲ್ಯಾಕ್ಟಿಕ್ ಆಮ್ಲವಾಗಿರುತ್ತದೆ. ಹೊಸದೇನಾದರೂ ಹುಟ್ಟಿತೇ ಎಂಬುದೇ ಸರಿಯಾದ ಪ್ರಶ್ನೆ.

ಸೋಸಿದ ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗಿ ಹರಳುಗಟ್ಟುತ್ತದೆ. ಅದು ಮತ್ತೆ ಭೌತ. ಬಿಸಿ ಅನ್ನದ ಮೇಲೆ ಬಿದ್ದರೆ ಆ ಹರಳು ಉಳಿಯುವುದಿಲ್ಲ.

ಬಾಣಲೆಯನ್ನು ಮಾತ್ರ ತೊಳೆಯಲು ಹಾಕಬೇಡಿ. ತಳದ ಗಸಿಗೆ ಹಿಡಿ ಬಿಸಿ ಅನ್ನ, ಚಿಟಿಕೆ ಉಪ್ಪು ಹಾಕಿ ಉಜ್ಜಿ ಕಲಸಿ. ಯಾರನ್ನೂ ಕರೆಯಬೇಡಿ, ಎರಡೇ ತುತ್ತು ಬರುತ್ತದೆ.