ಕಡ್ಲೆಯ ಬೆನ್ನಿನ ಬಗ್ಗೆ ಒಂದು ಕಾಗದ

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಿಡಿಯೊ ನೋಡಿದೆ. ನಿಮ್ಮ ಡ್ಯಾಶ್‌ಹೌಂಡ್ ಮರಿ ಕಡ್ಲೆ ಸೋಫಾದ ಅಂಚಿಗೆ ಬಂದು, ಕೆಳಗೊಮ್ಮೆ ನೋಡಿ, ಕಿವಿ ಹಾರಿಸಿಕೊಂಡು ಧುಡುಮ್ಮನೆ ನೆಲಕ್ಕೆ ಜಿಗಿಯುತ್ತಾನೆ; ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ಮುದ್ದು ಉಕ್ಕಿ ಬಂತು, ನಿಜ. ಆದರೆ ಆ ಜಿಗಿತ ಇವತ್ತಿಗೇ ನಿಲ್ಲಬೇಕು ಕಣೇ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ‘ಆಯ್ತು ದೊಡ್ಡಮ್ಮ’ ಅಂದುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಡ್ಯಾಶ್‌ಹೌಂಡ್‌ಗಳ ಕಾಲು ಗಿಡ್ಡವಾಗುವುದಕ್ಕೂ ಬೆನ್ನು ಕೆಡುವುದಕ್ಕೂ ಬೇರು ಒಂದೇ ಕಡೆ ಇದೆ. ಎಲುಬಿನ ಬೆಳವಣಿಗೆಗೆ ಸಂಬಂಧಿಸಿದ ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಗಳು ಈ ತಳಿಯಲ್ಲಿವೆ. ಅಂಥ ಒಂದು ಪ್ರತಿಗೂ ಬೆನ್ನಿನ ಡಿಸ್ಕ್ ರೋಗಕ್ಕೂ ಇರುವ ನಂಟನ್ನು 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟರು. ಬೆನ್ನೆಲುಬಿನ ಮಣಿಗಳ ನಡುವೆ ಎಳನೀರಿನ ಗಂಜಿಯಷ್ಟು ಮೆತ್ತಗಿರಬೇಕಾದ ತಿರುಳು ಇವುಗಳಲ್ಲಿ ವರ್ಷ ತುಂಬುವ ಹೊತ್ತಿಗೇ ಒಣಗಿ ಗಟ್ಟಿಯಾಗತೊಡಗುತ್ತದೆ. ಮುಂದೊಂದು ದಿನ ಅದು ಸಿಡಿದು ಬೆನ್ನುಹುರಿಯನ್ನು ಒತ್ತಿದರೆ ಹಿಂಗಾಲುಗಳ ಬಲವೇ ಹೋಗಿಬಿಡಬಹುದು. ಸುಮಾರು ನಾಲ್ಕರಲ್ಲಿ ಒಂದು ಡ್ಯಾಶ್‌ಹೌಂಡ್‌ಗೆ ಜೀವಮಾನದಲ್ಲಿ ಎಂದಾದರೂ ಈ ಕಷ್ಟ ಬರುತ್ತದೆ. ಅದೂ ಮುಪ್ಪಿನಲ್ಲಲ್ಲ, ಹೆಚ್ಚಾಗಿ ಮೂರರಿಂದ ಏಳು ವರ್ಷದ ಒಳಗೆ. ನಿನ್ನ ಮಗ ಅವನ ಜೊತೆ ಮನೆ ತುಂಬ ಓಡಾಡುವ ಕಾಲದಲ್ಲಿ.

ಹುಟ್ಟಿನಿಂದ ಬಂದದ್ದನ್ನು ನಾವು ಬದಲಿಸಲಾರೆವು. ಆದರೆ ಬೆನ್ನಿನ ಮೇಲೆ ಬೀಳುವ ಭಾರವನ್ನೂ ಏಟನ್ನೂ ತಗ್ಗಿಸಬಹುದು, ಅದು ಪೂರ್ತಿ ನಿಮ್ಮ ಕೈಯಲ್ಲಿದೆ. ಬಡಗಿಯನ್ನು ಕರೆಸಿ ಸೋಫಾಗೊಂದು, ಮಂಚಕ್ಕೊಂದು ಇಳಿಜಾರು ಹಲಗೆ ಮಾಡಿಸು. ಮೇಲೆ ಜಾರದ ಹಾಗೆ ರಬ್ಬರ್ ಮ್ಯಾಟ್ ಅಂಟಿಸಲಿ. ಮರಿಯಾಗಿದ್ದಾಗಲೇ ತಿಂಡಿ ತೋರಿಸಿ ಅದರ ಮೇಲೆ ಹತ್ತಿಸಿ ಇಳಿಸಿದರೆ ರೂಢಿಯಾಗುತ್ತದೆ. ನಿಮ್ಮ ಹಾಲಿನ ಟೈಲ್ಸ್ ಕನ್ನಡಿಯಂತೆ ಹೊಳೆಯುವುದು ನಿನಗೆ ಹೆಮ್ಮೆ, ಗೊತ್ತು. ಆದರೂ ಅವನು ಓಡುವ ದಾರಿಗೆ ಜಮಖಾನ ಹಾಸಿಬಿಡು. ಮೆಟ್ಟಿಲಿಗೆ ಅಡ್ಡಲಾಗಿ ಒಂದು ಗೇಟು ಇರಲಿ. ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಸೊಂಟದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿ. ಮುಂಗಾಲ ಕಂಕುಳಿಗೆ ಕೈ ಹಾಕಿ ನೇತಾಡಿಸುವುದು ಬೇಡವೇ ಬೇಡ. ಇದನ್ನು ಮಗನಿಗೆ ನೀನೇ ಕೈ ಹಿಡಿದು ಕಲಿಸು. ಬರುವ ವಾರ ಪೂರ್ತಿ ನೆಲದ ಮೇಲೆ ಕೂತೇ ಮರಿಯನ್ನು ಮುದ್ದಿಸಬೇಕು ಎಂದು ಅವನಿಗೆ ಹೇಳು.

ಹಾಗೆಂದು ಮಡಿಲಲ್ಲೇ ಇಟ್ಟುಕೊಂಡು ಸಾಕಬೇಡ. ದಿನಾ ಎರಡು ಹೊತ್ತು ಸಮತಟ್ಟು ನೆಲದ ಮೇಲೆ ನಡೆಯಲಿ. ಬೆನ್ನನ್ನು ಹಿಡಿದು ನಿಲ್ಲಿಸುವುದು ಅದರ ಅಕ್ಕಪಕ್ಕದ ಮಾಂಸಖಂಡ, ಅದು ನಡೆದರೇ ಗಟ್ಟಿಯಾಗುವುದು. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ಎಳೆಯದೆ ಎದೆಗೆ ಹಾಕುವ ಹಾರ್ನೆಸ್ ಕೊಂಡುಕೋ.

ನೀನು ಚಿತ್ರಕಲೆ ಓದಿದವಳು, ಲಂಪ್‌ನ ಕತೆ ನಿನಗೆ ಗೊತ್ತಿರಬಹುದು. ಅಮೆರಿಕದ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ 1957ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿದ್ದ ಪಿಕಾಸೊ ಮನೆಗೆ ತನ್ನ ಡ್ಯಾಶ್‌ಹೌಂಡ್ ಲಂಪ್‌ನನ್ನು ಕರೆದುಕೊಂಡು ಹೋದ. ನಾಯಿ ಅಲ್ಲೇ ಉಳಿದುಕೊಂಡಿತು. ಆ ವರ್ಷ ಪಿಕಾಸೊ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಚಿತ್ರವನ್ನು ತನ್ನದೇ ರೀತಿಯಲ್ಲಿ ಮತ್ತೆ ಮತ್ತೆ ಬರೆದಾಗ, ಮೂಲದಲ್ಲಿ ದೊಡ್ಡ ನಾಯಿ ಮಲಗಿದ್ದ ಜಾಗಕ್ಕೆ ಬಂದವನು ಈ ಗಿಡ್ಡ ಕಾಲಿನ ಲಂಪ್. ಕೆಲವು ವರ್ಷಗಳ ಮೇಲೆ ಅವನಿಗೂ ಬೆನ್ನಿನ ಕಾಯಿಲೆ ಬಂತು. ಇನ್ನು ಏನೂ ಮಾಡಲಾಗದು ಎಂದು ಅಲ್ಲಿನ ವೈದ್ಯರು ಕೈಬಿಟ್ಟಾಗ ಡಂಕನ್ ಅವನನ್ನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕರೆದೊಯ್ದು ತಿಂಗಳುಗಟ್ಟಲೆ ಚಿಕಿತ್ಸೆ ಕೊಡಿಸಿದ. ನಡಿಗೆ ಕೊನೆಯವರೆಗೂ ವಾಲುತ್ತಲೇ ಇತ್ತು, ಆದರೆ ಲಂಪ್ 1973ರವರೆಗೆ ಬದುಕಿದ. ನನಗೆ ಆ ಚಿತ್ರಗಳಿಗಿಂತ ಡಂಕನ್‌ನ ಆ ಪ್ರಯಾಣವೇ ದೊಡ್ಡದಾಗಿ ಕಾಣುತ್ತದೆ.

ಚಿಕಿತ್ಸೆ ತಡವಾಗಬಾರದು, ಅದಕ್ಕೇ ಡಿಸ್ಕ್ ರೋಗದ ಈ ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಬೆನ್ನು ಕಮಾನಾಗಿ ಬಾಗುವುದು, ಮುಟ್ಟಿದರೆ ಕುಂಯ್ ಎನ್ನುವುದು, ಕತ್ತು ತಿರುಗಿಸದೆ ಮೂಲೆಯಲ್ಲಿ ನಡುಗುತ್ತ ನಿಲ್ಲುವುದು, ಹಿಂಗಾಲು ತೂರಾಡುವುದು, ಪಾದ ಮಡಚಿಕೊಂಡು ಎಳೆಯುವುದು. ಕಾಲು ಎಳೆಯತೊಡಗಿದರೆ ‘ನಾಳೆ ನೋಡೋಣ’ ಎನ್ನುವ ಮಾತೇ ಇಲ್ಲ. ಪಾದವನ್ನು ಗಟ್ಟಿಯಾಗಿ ಹಿಸುಕಿದರೂ ನೋವು ಗೊತ್ತಾಗದ ಹಂತಕ್ಕೆ ಹೋಗುವ ಮುಂಚೆ ಆಪರೇಷನ್ ಆದರೆ ಮತ್ತೆ ನಡೆಯುವ ಸಾಧ್ಯತೆ ಬಹಳ ಹೆಚ್ಚು. ಹಲಗೆ ಅಥವಾ ಪೆಟ್ಟಿಗೆಯ ಮೇಲೆ ಅಲುಗಾಡದಂತೆ ಮಲಗಿಸಿ ಆಸ್ಪತ್ರೆಗೆ ಹೊರಡಿ. ಇಂಥ ಆಪರೇಷನ್ ಎಲ್ಲಿ ಮಾಡುತ್ತಾರೆ, ರಾತ್ರಿ ಯಾರು ಬಾಗಿಲು ತೆರೆಯುತ್ತಾರೆ ಎಂದು ಈಗಲೇ ವಿಚಾರಿಸಿಕೋ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಕೇಳು. ನಾವು ನುಂಗುವ ನೋವಿನ ಮಾತ್ರೆಯನ್ನು ಕಡ್ಲೆಗೆ ಅಪ್ಪಿತಪ್ಪಿಯೂ ಕೊಡಬೇಡ, ನಾಯಿಗಳಿಗೆ ಅದು ವಿಷವಾಗುತ್ತದೆ.

ಇನ್ನು ಊಟ. ಇದು ನಾಜೂಕಿನ ವಿಷಯ, ಯಾಕೆಂದರೆ ನಿಮ್ಮತ್ತೆಯವರು ಪ್ರೀತಿಯಿಂದ ತುಪ್ಪದನ್ನದ ತುತ್ತು ಹಾಕುತ್ತಾರೆ. 5 ಕೆ.ಜಿ. ಇರಬೇಕಾದ ನಾಯಿ 6 ಕೆ.ಜಿ. ಆದರೆ, 60 ಕೆ.ಜಿ.ಯ ಮನುಷ್ಯ 72 ಆದ ಲೆಕ್ಕ. ಆ ಭಾರವೆಲ್ಲ ಬೀಳುವುದು ಆ ಬೆನ್ನಿನ ಮೇಲೇ. ಪಕ್ಕೆಯ ಮೇಲೆ ಅಂಗೈ ಆಡಿಸಿದರೆ ಎಲುಬು ಕೈಗೆ ಹತ್ತಬೇಕು, ಕಣ್ಣಿಗೆ ಎದ್ದು ಕಾಣಬಾರದು. ಅತ್ತೆಯವರ ಕೈಗೆ ಕ್ಯಾರೆಟ್ ಅಥವಾ ಬೇಯಿಸಿದ ಬೀನ್ಸ್ ಚೂರು ಕೊಡು. ಅವರ ಕೈಯಿಂದ ತಿನ್ನುವ ಸುಖ ಇಬ್ಬರಿಗೂ ಉಳಿಯಲಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವುದೂ ಕೂಡದು. ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆಂದು ಹಬ್ಬದ ದಿನ ನೆನಪಿಸು.

ಕಡ್ಲೆಯ ಹಟದ ಬಗ್ಗೆ ದೂರಿದ್ದೀಯ. ಕರೆದರೆ ಬರುವುದಿಲ್ಲ, ಹೂವಿನ ಕುಂಡ ತೋಡುತ್ತಾನೆ, ಲಿಫ್ಟಿನ ಸದ್ದಾದರೆ ಬೊಗಳುತ್ತಾನೆ. ಪುಟ್ಟಿ, ಅದು ಅವನ ಕಸುಬು. ಜರ್ಮನಿಯ ಬೇಟೆಗಾರರು ಈ ತಳಿಯನ್ನು ಬೆಳೆಸಿದ್ದು ಬ್ಯಾಡ್ಜರ್ ಬೇಟೆಗೆ. ನಮ್ಮ ತರಕರಡಿಯ ದೂರದ ನಂಟನಾದ, ಬಿಲದಲ್ಲಿ ವಾಸಿಸುವ ಪ್ರಾಣಿ ಅದು. ನೆಲದೊಳಗಿನ ಕತ್ತಲಲ್ಲಿ ತನಗಿಂತ ಬಲಶಾಲಿಯಾದ ಮೃಗದ ಎದುರು ನಿಂತಾಗ ಹೇಳಿಕೊಡಲು ಯಜಮಾನ ಇರುವುದಿಲ್ಲ, ಎಲ್ಲ ನಾಯಿಯೇ ತೀರ್ಮಾನಿಸಬೇಕು. ಮೇಲಿದ್ದವನಿಗೆ ಕೇಳಿಸಲೆಂದು ಆ ಪುಟ್ಟ ಮೈಗೆ ಅಷ್ಟು ದೊಡ್ಡ ದನಿ. ಹೊಡೆದು ಬಗ್ಗಿಸಲು ಹೋದರೆ ಈ ಜಾತಿ ಮುರಿಯುತ್ತದೆ, ಬಗ್ಗುವುದಿಲ್ಲ. ಬಾಲ್ಕನಿಯಲ್ಲಿ ಒಂದು ಟಬ್ಬಿಗೆ ಮಣ್ಣು ತುಂಬಿ ಅವನಿಗೇ ಬಿಟ್ಟುಕೊಡು. ಟವೆಲ್ ಸುತ್ತಿ ಒಳಗೆ ತಿಂಡಿ ಬಚ್ಚಿಟ್ಟು ಹುಡುಕಿಸು. ಮೂಗಿಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಾಗುತ್ತದೆ. ಉಚ್ಚೆಯ ರೂಢಿ ಕಲಿಸಲು ತಿಂಗಳುಗಳೇ ಹಿಡಿಯಬಹುದು, ತಾಳ್ಮೆ ಇರಲಿ.

ಲಸಿಕೆ, ಜಂತಿನ ಔಷಧಿಯ ದಿನಗಳನ್ನು ಡಾಕ್ಟರು ಬರೆದುಕೊಟ್ಟಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ತಪ್ಪಬಾರದು. ಜೋಲುಗಿವಿಯೊಳಗೆ ಗಾಳಿ ಆಡುವುದಿಲ್ಲ, ವಾರಕ್ಕೊಮ್ಮೆ ಎತ್ತಿ ನೋಡಿ ಮೂಸು. ವಾಸನೆ ಬಂದರೆ ಡಾಕ್ಟರ ಹತ್ತಿರ ಹೋಗು. ನಮ್ಮ ಕಡೆ ಉಣ್ಣೆಜ್ವರ ನಾಯಿಗಳನ್ನು ಕೊಲ್ಲುತ್ತದೆ, ಹುಲ್ಲಿನಲ್ಲಿ ತಿರುಗಿ ಬಂದ ಮೇಲೆ ಬೆರಳ ಸಂದಿಯನ್ನೂ ಬಿಡದೆ ಹುಡುಕು. ಸಂತಾನಹರಣ ಆಪರೇಷನ್ನಿಗೆ ಅವಸರ ಬೇಡ. ವರ್ಷ ತುಂಬುವ ಮೊದಲೇ ಮಾಡಿಸಿದ ಡ್ಯಾಶ್‌ಹೌಂಡ್‌ಗಳಲ್ಲಿ ಡಿಸ್ಕ್ ತೊಂದರೆ ಹೆಚ್ಚು ಕಂಡುಬಂದಿದೆ ಎಂದು 2018ರಲ್ಲಿ ಒಂದು ಅಧ್ಯಯನ ಬಂದಿದೆ, ಡಾಕ್ಟರ ಜೊತೆ ಆ ವಿಷಯ ಮಾತಾಡು.

ಇವುಗಳ ಆಯಸ್ಸು ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾರು ವರ್ಷ. ನಿನ್ನ ಮಗ ಕಾಲೇಜು ಮುಗಿಸುವಾಗಲೂ ಕಡ್ಲೆ ಬಾಗಿಲಲ್ಲಿ ಕಾಯುತ್ತಿರಬೇಕು ಎಂಬುದೇ ನನ್ನ ಆಸೆ.

ದೀಪಾವಳಿಗೆ ನಿಮ್ಮ ಅಪಾರ್ಟ್‌ಮೆಂಟಿನ ಪಟಾಕಿಯ ನಡುವೆ ಅವನನ್ನು ಇಟ್ಟುಕೊಳ್ಳಬೇಡ, ಎಲ್ಲರೂ ಇಲ್ಲಿಗೇ ಬನ್ನಿ. ಹಿತ್ತಿಲ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿಟ್ಟಿರುತ್ತೇನೆ. ಅವನು ಮಲಗುವ ಹೊದಿಕೆಯನ್ನು ಒಗೆಯದೆ ಹಾಗೇ ತಾ, ತನ್ನದೇ ವಾಸನೆ ಇದ್ದರೆ ಹೊಸ ಜಾಗದಲ್ಲೂ ನಿದ್ದೆ ಮಾಡುತ್ತಾನೆ.

ನಿನ್ನ
ದೊಡ್ಡಮ್ಮ