ಅಜ್ಜಿಯ ಗಡಿಯಾರ ಸರಿಯಿತ್ತು

ತಪ್ಪು ನಮ್ಮದೇ. ಮೊದಲೇ ಹೇಳಿಬಿಡ್ತೀವಿ, ಯಾಕಂದ್ರೆ ಅವತ್ತು ಅದನ್ನ ಸರ್ವರ್ ತಲೆಗೆ ಕಟ್ಟೋಕೆ ನಾವು ಮೂವರೂ ಚೆನ್ನಾಗಿಯೇ ಪ್ರಯತ್ನಪಟ್ಟಿದ್ದೆವು.

ಐದನೇ ಸೆಮಿಸ್ಟರ್ ಮುಗಿದ ಮೇಲೆ, ಜನವರಿಯಲ್ಲಿ, ಸೀನಿಯರ್ ಒಬ್ಬರ ಮೂಲಕ ನಮಗೊಂದು ಸಣ್ಣ ಕೆಲಸ ಸಿಕ್ಕಿತು. ನ್ಯೂಜೆರ್ಸಿಯ ಪುಟ್ಟ ಕ್ಲಿನಿಕ್ ಒಂದಕ್ಕೆ ಫೋನ್ ಸರ್ವರ್ ಹಾಕಿಕೊಡೋದು. ಲಿನಕ್ಸ್ ಮೇಲೆ ಅಸ್ಟರಿಸ್ಕ್. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಕರೆ ಬಂದರೆ ಮೇಜಿನ ಫೋನ್ ಬಾರಿಸಬೇಕು, ಉಳಿದ ಹೊತ್ತಲ್ಲಿ ‘ಕ್ಲಿನಿಕ್ ಮುಚ್ಚಿದೆ, ಸಂದೇಶ ಬಿಡಿ’ ಅನ್ನಬೇಕು. ‘ನಮ್ಮದು ಇಎಸ್‌ಟಿ’ ಅಂತ ಅವರು ಬರೆದಿದ್ದರು. ನಾವೂ ಟೈಮ್ ಝೋನ್ ಜಾಗದಲ್ಲಿ ಇಎಸ್‌ಟಿ ಅಂತಲೇ ಹಾಕಿದೆವು. ಎರಡು ತಿಂಗಳು ಒಂದೇ ಒಂದು ದೂರು ಬರಲಿಲ್ಲ.

ಮಾರ್ಚ್ ಎರಡನೇ ವಾರಾಂತ್ಯಕ್ಕೆ ನಮ್ಮೊಳಗೊಬ್ಬನ ಊರು ಶಿಗ್ಲಿಗೆ ಹೋಗಿದ್ದೆವು. ನೇಕಾರರ ಊರು. ಅವನ ಅಪ್ಪ, ಅಂದ್ರೆ ನಮ್ಮೆಲ್ಲರಿಗೂ ಕಾಕಾ, ಪಡಸಾಲೆಯಲ್ಲಿ ಕೈಮಗ್ಗದ ಮುಂದೆ ಕೂತರೆ ಊಟಕ್ಕೆ ಮಾತ್ರ ಏಳೋರು. ಸೋಮವಾರ ಸಂಜೆ ಏಳೂಕಾಲಕ್ಕೆ, ಮಂಡಕ್ಕಿ ಮಿರ್ಚಿ ತಿಂತಾ ಇರುವಾಗ ಮೆಸೇಜ್ ಬಂತು: ಬೆಳಿಗ್ಗೆಯಿಂದ ಒಂದೂ ಫೋನ್ ಬಾರಿಸಿಲ್ಲ. ಅಲ್ಲಿ ಆಗ 9:45.

ಒಳಹೊಕ್ಕು ನೋಡಿದರೆ ಸರ್ವರ್ ಪ್ರಕಾರ ಗಂಟೆ ಇನ್ನೂ 8:45. ಹಿಂದಿನ ದಿನ, ಭಾನುವಾರ, ಅಮೆರಿಕದಲ್ಲಿ ಗಡಿಯಾರ ಒಂದು ತಾಸು ಮುಂದಕ್ಕೆ ಹೋಗಿತ್ತು. 2007ರಿಂದ ಅವರದು ಇದೇ ಲೆಕ್ಕ: ಮಾರ್ಚ್‌ನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ನಮಗೆ ಗೊತ್ತಿರಲಿಲ್ಲ ಅಂತಲ್ಲ, ಪರೀಕ್ಷೆಗೆ ಓದಿದ ಎಷ್ಟೋ ವಿಷಯದ ಹಾಗೆ ಗೊತ್ತಿತ್ತು.

ಆಗ ಮಾಡಿದ್ದೇ ಎರಡನೇ ತಪ್ಪು. ಎನ್‌ಟಿಪಿ ಬಂದ್ ಮಾಡಿ, ಕೈಯಾರೆ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಳ್ಳಿದೆವು. ಅಲ್ಲಿ ಫೋನ್ ಬಾರಿಸತೊಡಗಿತು. ನಾವು ಮತ್ತೆ ಮಿರ್ಚಿಗೆ ಕೈ ಹಾಕಿದೆವು.

ಹತ್ತು ನಿಮಿಷಕ್ಕೆ ಕರೆಂಟ್ ಹೋಯ್ತು. ವೈಫೈ ಸತ್ತಿತು, ಅದರೊಂದಿಗೆ ಸರ್ವರ್‌ಗಿದ್ದ ನಮ್ಮ ಕನೆಕ್ಷನ್ ಕೂಡ. ಮಗ್ಗಕ್ಕೆ ಕರೆಂಟಿನ ಹಂಗಿಲ್ಲ, ಚಾರ್ಜಿಂಗ್ ಬಲ್ಬಿನ ಬೆಳಕಲ್ಲಿ ಅದು ಟಕ್ ಟಕ್ ಅಂತ ನಡೆದೇ ಇತ್ತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮತ್ತೆ ಲಾಗಿನ್ ಆಗಲು ಹೋದರೆ ಒಟಿಪಿ ತಪ್ಪು. ಇನ್ನೊಮ್ಮೆ ಕೊಟ್ಟರೂ ತಪ್ಪು. ಆಥೆಂಟಿಕೇಟರ್ ಆ್ಯಪ್ 30 ಸೆಕೆಂಡಿಗೊಮ್ಮೆ ಕೊಡೋ ಅಂಕಿ ಹುಟ್ಟೋದೇ ಗಂಟೆಯ ಲೆಕ್ಕದಿಂದ. ಫೋನಿನ ಹೊತ್ತೂ ಸರ್ವರ್‌ನ ಹೊತ್ತೂ ಒಂದೇ ಇದ್ದರಷ್ಟೇ ಅಂಕಿ ತಾಳೆಯಾಗ್ತದೆ. ನಾವು ಸರ್ವರ್‌ಗೆ ಸುಳ್ಳು ಹೇಳಿಕೊಟ್ಟು, ಈಗ ಅದರ ಬಾಗಿಲ ಹೊರಗೆ ನಿಂತಿದ್ದೆವು.

ಉಪಾಯ ಹೊಳೆದದ್ದು ಶಿಗ್ಲಿಯ ಹುಡುಗನಿಗೆ. ತನ್ನ ಫೋನಿನ ಗಡಿಯಾರವನ್ನೂ ಒಂದು ತಾಸು ಮುಂದಿಟ್ಟ. ಒಟಿಪಿ ಒಪ್ಪಿತು! ಕಾಕಾ ಲಾಳಿ ನಿಲ್ಲಿಸಿ ಕೇಳಿದರು, “ಗಡಿಯಾರದ ಮುಳ್ಳ ತಿರುವಿದ್ರ ಹೊತ್ತ ಮುಂದ ಹೋಗತೈತೇನ್ರೋ?” ಅಮೆರಿಕದಾಗ ಹೋಗತೈತಿ ಕಾಕಾ, ಅಂದೆವು. ನಮ್ಮ ದೇಶದಾಗೂ ಹೋಗಿತ್ತು ಅಂತ ಆಮೇಲೆ ಗೊತ್ತಾಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1945ರ ಅಕ್ಟೋಬರ್‌ವರೆಗೆ, ಇಲ್ಲೂ ಗಡಿಯಾರ ಒಂದು ತಾಸು ಮುಂದಿತ್ತು. ಲಿನಕ್ಸ್‌ನ ಏಷ್ಯಾ/ಕೋಲ್ಕತಾ ದಾಖಲೆಯಲ್ಲಿ ಅದಿನ್ನೂ ಕೂತಿದೆ. ಈಗ ನಮಗದು ಬೇಕಿಲ್ಲ. ಶಿಗ್ಲಿಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಎರಡು ತಾಸಿನಷ್ಟೂ ವ್ಯತ್ಯಾಸವಿಲ್ಲ. ನ್ಯೂಜೆರ್ಸಿಯಲ್ಲಿ ಅದು ಆರು ತಾಸಿನ ಹತ್ತಿರ.

ಒಳಗೆ ಹೋದ ಮೇಲೆ ನೆಟ್ಟಗೆ ಮಾಡಿದೆವು. ಗಡಿಯಾರ ಕೆಟ್ಟೇ ಇರಲಿಲ್ಲ. ಸರ್ವರ್ ಒಳಗೆ ನಡೆಯೋದು ಯುಟಿಸಿ, ಅದು ಮೊದಲಿಂದಲೂ ಸರಿಯಿತ್ತು. ಕೆಟ್ಟದ್ದು ಅದನ್ನು ಓದುವ ರೀತಿ. ‘ಇಎಸ್‌ಟಿ’ ಅಂದ್ರೆ ವರ್ಷವಿಡೀ ಯುಟಿಸಿಗಿಂತ 5 ತಾಸು ಹಿಂದೆ, ಅಷ್ಟೇ. ಅದಕ್ಕೆ ಬೇಸಿಗೆ ಗೊತ್ತಿಲ್ಲ. ‘ಅಮೆರಿಕಾ/ನ್ಯೂಯಾರ್ಕ್’ ಅಂತ ಊರಿನ ಹೆಸರು ಕೊಟ್ಟರೆ ಮಾತ್ರ ಆ ಊರಿನ ನಿಯಮಗಳೂ ಜೊತೆಗೆ ಬರ್ತವೆ. ಝೋನ್ ಬದಲಿಸಿ, ಎನ್‌ಟಿಪಿ ಮತ್ತೆ ಚಾಲೂ ಮಾಡಿ, ಅಸ್ಟರಿಸ್ಕ್ ರೀಸ್ಟಾರ್ಟ್ ಮಾಡಿದೆವು. ರೀಸ್ಟಾರ್ಟ್ ಮರೀಬೇಡಿ: ಓಡ್ತಾ ಇರೋ ಪ್ರೋಗ್ರಾಂ ಹಳೇ ಝೋನನ್ನೇ ಹಿಡಿದುಕೊಂಡಿರಬಹುದು. ನವೆಂಬರ್ ಬದಲಾವಣೆಯೂ ಸರಿ ಬರ್ತದಾ ಅಂತ ಝಡ್‌ಡಂಪ್ ಹಾಕಿ ನೋಡಿದೆವು. ಬಂತು.

ಇಲ್ಲಿಗೆ ಮುಗೀತು ಅಂದುಕೊಂಡಾಗ ಕ್ಲಿನಿಕ್ಕಿನ ಮ್ಯಾನೇಜರ್ ಬೆಳಗಿನ ಕರೆಗಳ ಪಟ್ಟಿ ಕೇಳಿದರು. ಅದರಲ್ಲಿ ಒಂದೇ ನಂಬರಿನಿಂದ ಮೂರು ಕರೆ: 8:04, 8:19, 8:41. ಅದು ಒಬ್ಬ ವಯಸ್ಸಾದ ಹೆಂಗಸಂತೆ. ಔಷಧಿ ಮುಗಿದಿತ್ತು. ನಾಲ್ಕನೇ ಸಲ ಮಾಡಿದಾಗ ಫೋನ್ ಎತ್ತಿದ ಹುಡುಗಿ ವಾಯ್ಸ್‌ಮೇಲ್‌ನ ಸಮಯ ನೋಡಿ, ‘ನಾವು ತೆರೆಯೋದು ಒಂಬತ್ತಕ್ಕೆ, ನೀವು ಎಂಟು ಗಂಟೆಗೇ ಮಾಡಿದ್ದೀರಿ’ ಅಂದಿದ್ದಾಳೆ. ಆ ಅಜ್ಜಿ ಕ್ಷಮೆ ಕೇಳಿದರಂತೆ. ಗಡಿಯಾರ ಮುಂದಿಟ್ಟದ್ದೇ ತಪ್ಪಾಯ್ತೇನೋ, ಈಚೆಗೆ ಎಲ್ಲಾ ಮರೆತು ಹೋಗ್ತದೆ ಅಂದರಂತೆ.

ಮಗ್ಗದ ಸದ್ದು ಬಿಟ್ಟರೆ ಮನೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಮೇಲ್ ಬರೆಯೋಕೆ ನಮಗೆ ಅರ್ಧ ತಾಸು ಬೇಕಾಯ್ತು. ಮೊದಲ ಕರಡಿನಲ್ಲಿ ‘ತಾಂತ್ರಿಕ ಕಾರಣಗಳಿಂದ’ ಅಂತಿತ್ತು, ಅಳಿಸಿದೆವು. ಝೋನ್ ತಪ್ಪು ಹಾಕಿದ್ದು ನಾವು, ಆ ಮೂರು ಕರೆ ಬಂದದ್ದು 9:04, 9:19, 9:41ಕ್ಕೆ, ಅವರ ಗಡಿಯಾರ ಸರಿಯಿದೆ, ದಯವಿಟ್ಟು ಇವತ್ತೇ ಅವರಿಗೆ ತಿಳಿಸಿ ಅಂತ ಬರೆದೆವು. ಅವರು ಫೋನ್ ಮಾಡಿ ಹೇಳಿದರಂತೆ, ಔಷಧಿಯೂ ಅವತ್ತೇ ತಲುಪಿತಂತೆ. ಆ ತಿಂಗಳ ದುಡ್ಡು ನಾವು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಶಿಗ್ಲಿಯ ಹುಡುಗನ ಫೋನಿನಲ್ಲೇ ಅಲಾರಂ ಇಟ್ಟು ಮಲಗಿದೆವು. ಎದ್ದು, ಬ್ಯಾಗ್ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದರೆ ಕಗ್ಗತ್ತಲು, ಚಹಾದ ಅಂಗಡಿಯೂ ತೆರೆದಿಲ್ಲ. ಅವನ ಫೋನು ಇನ್ನೂ ಒಂದು ತಾಸು ಮುಂದೇ ಇತ್ತು.